ನಲವತ್ತೆರಡು ಇಂಚಿನ ಬೆಲ್ಟು

ಲಕ್ಷ್ಮವ್ವ ಗಂಡನ ಬಲಗೈ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಲೇ ಇದ್ದಳು. ಮೈ ತೊಳೆದು ಹಣೆಗೆ ವಿಭೂತಿ ಬಳಿದಾಗಿತ್ತು. ಬೆಲ್ಟಿನ ಅಂಚಿಗೆ ಹಚ್ಚುವ ಕರಿ ಬಣ್ಣ ಮಾತ್ರ ಉಗುರಿನ ಸಂದಿ ಬಿಟ್ಟು ಏಳುತ್ತಿರಲಿಲ್ಲ.

“ಬಿಡಿ ಅತ್ತಿಗೆ, ಅದು ಹೋಗುವುದಿಲ್ಲ,” ಎಂದರು ಶೇಖರ. ಸಯನ್ನಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ಮುದುಕರಾದ ಅವರು ಅಣವೀರಪ್ಪನ ಹಳೆಯ ಗೆಳೆಯ. “ಬಣ್ಣ ಇಲ್ಲದಿದ್ರೆ ಅಲ್ಲಿ ಅವನ ಗುರ್ತ ಹಿಡಿಯುವುದು ಹೇಗೆ?”

“ಇದ್ದಾಗ ಈ ಕೈ ನೋಡಿ ಮಂದಿ ಮ್ಯಾಲಿಂದ ನೀರು ಸುರೀತಿದ್ರಲ್ಲ ಅಣ್ಣಾ. ಹೋಗೂ ದಿನಾರ ಬೆಳ್ಳಗಿರ್ಲಿ.”

ಧಾರಾವಿಯ ಆ ಮನೆಯಲ್ಲಿ ಮೇಲೆ ಸಂಸಾರ, ಕೆಳಗೆ ಕಾರ್ಖಾನೆ, ನಡುವೆ ಕಬ್ಬಿಣದ ಏಣಿ. ಕೆಳಗೆ ನಾನೂರು ಬೆಲ್ಟುಗಳು ಸಾಲಾಗಿ ತೂಗುತ್ತಿದ್ದವು. ಬಕಲ್ ಕೂತಿತ್ತು, ಅಂಚು ಒಣಗಿತ್ತು. ತೂತು ಬಿದ್ದಿರಲಿಲ್ಲ. ನಾಲ್ಕು ದಿನದ ಹಿಂದೆ ಸುತ್ತಿಗೆ ಕೆಳಗಿಟ್ಟು ಏಣಿ ಹತ್ತಿದ ಅಣವೀರಪ್ಪ ಮತ್ತೆ ಇಳಿಯಲಿಲ್ಲ. ನಿನ್ನೆ ಸಂಜೆ ಮಲಗಿದಲ್ಲೇ ಹೋಗಿಬಿಟ್ಟಿದ್ದ.

ಹಿತೇಶ್ ಹಾರ ಹಿಡಿದು ಬಂದ. ಮಲಾಡ್‌ನಲ್ಲಿ ಆಫೀಸು, ಚರ್ಮದ ಸಾಮಾನು ಹೊರದೇಶಕ್ಕೆ ಕಳಿಸುವವನು. ವಯಸ್ಸು ನಲವತ್ತೈದು, ಒಳ್ಳೆಯ ಹೊಟ್ಟೆ. ಹೆಣದ ಕಾಲು ಮುಟ್ಟಿ ನಿಜವಾಗಿಯೇ ಅತ್ತ. ಆಮೇಲೆ ಏಣಿ ಇಳಿದು, ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಅಣವೀರಪ್ಪನ ಮಗಳು ವೈಶಾಲಿಯ ಹತ್ತಿರ ದನಿ ತಗ್ಗಿಸಿದ.

“ಟೈಮ್ ಸರಿ ಇಲ್ಲ, ಮಾಲೂಮ್ ಹೈ. ಆದ್ರೆ ಆರು ಗಂಟೆಗೆ ಟೆಂಪೊ ಬರ್ತದೆ. ಕಂಟೇನರ್ ಮಿಸ್ ಆದ್ರೆ ಆರ್ಡರ್ ಹೋಯ್ತು. ನಿನ್ನ ಆರು ಜನಕ್ಕೆ ನಾನು ಕೆಲಸ ಎಲ್ಲಿಂದ ತರ್ಲಿ?”

“ತೂತು ಎಷ್ಟು?”

“ಐದು. ಅಣವೀರಪ್ಪ ಚಾಚಾ ಹೇಳಿದ ಏಳು ಬೇಡ, ಪ್ಲೀಸ್. ಬೆಲ್ಟ್ ಹಾಕೋದು ಉಕ್ರೇನಿನ ಸೋಲ್ಜರ್ಸ್, ದುಡ್ಡು ಕೊಟ್ಟು ಕೊಳ್ಳೋದು ಬೇರೆ ದೇಶ. ಅಲ್ಲಿ ಪಾರ್ಲಿಮೆಂಟಲ್ಲಿ ಯಾರೋ ಒಬ್ಬ ಎದ್ದು, ‘ನಮ್ಮ ಟ್ಯಾಕ್ಸಲ್ಲಿ ರಾಂಗ್ ಮಾಲು ತರಿಸಿದ್ರಿ’ ಅಂದ್ರೆ ಪೂರಾ ಲಾಟ್ ವಾಪಸ್. ಎಲೆಕ್ಷನ್ ಬೇರೆ ಬಂದಿದೆ.”

ಏಣಿಯ ಮೇಲಿಂದ ಶೇಖರ ಇಣುಕಿದರು. “ಬೆಲ್ಟಿನ ತೂತಿಗೂ ಎಲೆಕ್ಷನ್ ಉಂಟಾ ಮಾರಾಯ?”

“ಅಲ್ಲಿ ಎಲ್ಲದಕ್ಕೂ ಉಂಟು ಅಂಕಲ್.”

ವೈಶಾಲಿ ತೂಗುತ್ತಿದ್ದ ಬೆಲ್ಟೊಂದನ್ನು ಹಿಡಿದು ನಿಲ್ಲಿಸಿದಳು. “ಐದಂದ್ರ ಐದೇ ಹೊಡಿ ಬಾಬಾ, ಅವ್ರು ನಿನಗೇನ್ ಆಗ್ಬೇಕು?” ಎಂದು ನಾಲ್ಕು ದಿನದ ಹಿಂದೆ ಕೂಗಿದವಳು ಅವಳೇ. ಅಪ್ಪನ ಜೊತೆ ಅವಳಾಡಿದ ಕೊನೆಯ ಮಾತು ಅದು.

*

ಎಪ್ಪತ್ತೊಂದರ ಚಳಿಗಾಲ. ವಿಮಾನ ದಾಳಿಯ ಭಯಕ್ಕೆ ಮುಂಬಯಿಯ ಕಿಟಕಿ ಗಾಜುಗಳಿಗೆ ಕಂದು ಕಾಗದ ಅಂಟಿತ್ತು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಹಿತ್ತಲಲ್ಲಿ ಶೇಖರ ಪೇಪರಿನಿಂದ ಬಾಂಗ್ಲಾ ಲಡಾಯಿಯ ಸುದ್ದಿ ಗಟ್ಟಿಯಾಗಿ ಓದುತ್ತಿದ್ದರು. ಸುತ್ತ ಅಡಿಗೆಯವರು, ತಟ್ಟೆ ತೊಳೆಯುವವರು, ಗುಲ್ಬರ್ಗದಿಂದ ಬಂದು ಧಾರಾವಿಯಲ್ಲಿ ಚರ್ಮ ಹೊಲಿಯುವ ಹದಿನೆಂಟರ ಅಣವೀರಪ್ಪ. ಅವನಿಗೆ ಆ ಹೋಟೆಲಿನ ಮುಂಬಾಗಿಲು ಇರಲಿಲ್ಲ. ಅದಕ್ಕೇ ಓದು ಹಿತ್ತಲಿಗೆ ಬಂದಿತ್ತು.

“ಮನಿಗಿ ನುಗ್ಗಿದವನ ಕೂಡ ಬಡದಾಡ್ಲಾಕ ಅವ್ರ ಬಲ್ಲಿ ಏನದ?” ಎಂದು ಅವನು ಕೇಳಿದ.

“ಕಾಲಲ್ಲಿ ಚಪ್ಪಲಿ ಸಹ ಇಲ್ಲವಂತೆ.”

ಮುಂದಿನ ಆದಿತ್ಯವಾರ ಧಾರಾವಿಯ ಆ ಗಲ್ಲಿ ಪೂರ್ತಿ ಬಾಂಗ್ಲಾದ ಹೋರಾಟಗಾರರಿಗಾಗಿ ಬೆಲ್ಟು, ಚಪ್ಪಲಿ ಹೊಲಿದು ಬಿಟ್ಟಿ ದುಡಿಯಿತು. ಯಾರೋ ಚಹಾ ಕಾಸಿದರು, ಯಾರೋ ಹಾಡಿದರು. ಮಿಷನ್ನಿಗೆ ಕೂತ ಮುದುಕರು ಊಟಕ್ಕೂ ಏಳಲಿಲ್ಲ. ಅಣವೀರಪ್ಪನ ಪಾಲಿಗೆ ತೂತು ಹೊಡೆಯುವ ಕೆಲಸ ಬಂತು. ಅವನು ಐದು ಹೊಡೆದು ಬೆಲ್ಟು ಆಚೆ ಹಾಕಿದ. ಅವನಿಗೆ ಕೆಲಸ ಕಲಿಸುತ್ತಿದ್ದ ಉಸ್ತಾದ ಅದನ್ನು ತಿರುಗಿ ಅವನ ಮುಂದಿಟ್ಟ.

“ಇನ್ನೆರಡು ಹೊಡಿ, ಒಳಬದಿಗೆ. ಲಡಾಯಿಗೆ ಹೋದಾಂವ ಸೊರಗ್ತಾನ. ಚಣ್ಣ ಜಾರಿದ್ರ ಒಂದು ಕೈಲೆ ಅದನ್ನ ಹಿಡೀತಾನೋ, ಬಂದೂಕ ಹಿಡೀತಾನೋ? ಅಂವ ಬದುಕ್ತಾನಂತ ನೀ ನಂಬಿದ್ರ ಏಳು ಹೊಡಿ.”

ಐವತ್ತು ವರ್ಷಗಳ ಮೇಲೂ ಆ ಆದಿತ್ಯವಾರದ ಮಾತು ಬಂದರೆ ಅಣವೀರಪ್ಪನ ಮುಖ ಅರಳುತ್ತಿತ್ತು. ಲೋಕದ ಒಂದು ದೊಡ್ಡ ಕೆಲಸಕ್ಕೆ ತನ್ನ ಕೈ ತಾಗಿದ ದಿನ ಅದೊಂದೇ ಎನ್ನುತ್ತಿದ್ದ.

*

ಉಕ್ರೇನಿನ ಮೊದಲ ಆರ್ಡರು ಬಂದಾಗ ಅದೇ ಹುರುಪು ಮರಳಿ ಬಂದಿತ್ತು. ಶೇಖರ ಆದಿತ್ಯವಾರ ಪೇಪರು ಹಿಡಿದು ಕಾರ್ಖಾನೆಗೇ ಬರುತ್ತಿದ್ದರು. ಟ್ಯಾಂಕು ಕೊಡುತ್ತೇವೆ ಎಂದು ಒಂದು ದೇಶ. ಕೊಡಲೋ ಬೇಡವೋ ಎಂದು ಆರು ತಿಂಗಳು ಚರ್ಚೆ. ವಿಮಾನ ಕೊಡುತ್ತೇವೆ, ಆದರೆ ಇಷ್ಟು ದೂರಕ್ಕಿಂತ ಆಚೆ ಹಾರಿಸಬೇಡಿ. ಸರ್ಕಾರ ಬದಲಾಯಿತು, ಸದ್ಯಕ್ಕೆ ನಿಲ್ಲಿಸಿದ್ದೇವೆ.

“ನಮ್ಮ ಗಲ್ಲಿ ನಳ ಬಿಟ್ಟಂಗ ಬಿಡ್ಲತ್ತಾರಲ್ಲೋ ಶೇಖರ. ಸಾಯ್ಲೂಬಾರ್ದು, ಕೊಡ ತುಂಬ್ಲೂಬಾರ್ದು.”

“ಕೈಕಟ್ಟಿ ಕೂತವ್ರಿಗಿಂತ ವಾಸಿ ಅಲ್ವನಾ?”

“ಕೊಡಬ್ಯಾಡ ಅಂದ್ನೇನು? ಕೊಡೂದಿದ್ರ ಪೂರಾ ಕೊಡ್ರಿ ಅಂತೀನಿ.”

ಮೊದಲ ವರ್ಷದ ಬೆಲ್ಟುಗಳ ಅಳತೆ ಮೂವತ್ತು, ಮೂವತ್ತೆರಡು. ಈ ಸಲ ಬಂದದ್ದು ನಲವತ್ತು, ನಲವತ್ತೆರಡು. ಅಣವೀರಪ್ಪ ಅಳತೆಯ ಟೇಪು ಬಿಚ್ಚಿ ನಲವತ್ತೆರಡರ ಮೇಲೆ ಹೆಬ್ಬೆರಳಿಟ್ಟ. “ಹುಡುಗ್ರು ಮುಗದ್ರು,” ಎಂದ. “ಈಗ ಅಪ್ಪಂದ್ರು ಹೊಂಟಾರ.”

ಒಳಬದಿಗೆ ಎರಡು ತೂತು ಜಾಸ್ತಿ ಹೊಡೆಯುತ್ತೇನೆ ಎಂದದ್ದು ಆಗಲೇ. ಹಿತೇಶ್ ಫೋನಿನಲ್ಲಿ ಕೈಮುಗಿದ. ಅಣವೀರಪ್ಪ ಬಗ್ಗಲಿಲ್ಲ. “ಐದು ತೂತಿನೊಳಗ ಲಡಾಯಿ ಮುಗೀತದಂತ ಬರದಾರೇನು ಆರ್ಡರ್ ಕೊಟ್ಟವ್ರು? ಇಲ್ಲ, ಐದ್ನೇ ತೂತಿಗಿ ಬರೂದ್ರೊಳಗ ಮನಷ್ಯಾನೇ ಮುಗೀತಾನಂತ ಬರದಾರ.”

*

ಗಲ್ಲಿ ಎಷ್ಟು ಕಿರಿದೆಂದರೆ ಚಟ್ಟವನ್ನು ಓರೆ ಮಾಡಿಯೇ ಹೊರಗೆ ತರಬೇಕಾಯಿತು. ಸತ್ತ ಮೇಲೂ ಇವರಿಗೆ ನೆಟ್ಟಗೆ ಮಲಗಿ ಹೋಗುವಷ್ಟು ಜಾಗ ಈ ಊರು ಕೊಡುವುದಿಲ್ಲ. ಕೆಂಡದ ಮಡಕೆ ಹಿಡಿದು ವೈಶಾಲಿಯೇ ಮುಂದೆ ನಡೆದಳು.

ಸಯನ್ ಸ್ಮಶಾನದಲ್ಲಿ, ವಿದ್ಯುತ್ ಒಲೆಗೆ ಕೊಡುವ ಮೊದಲು, ಉಡಿದಾರ ಹರಿಯಬೇಕು ಎಂದರು ಯಾರೋ. ಶೇಖರ ಧೋತರ ಸರಿಸಿದರು. ಕರಿ ದಾರ ಸೊಂಟದಲ್ಲಿ ಇರಲಿಲ್ಲ, ತೊಡೆಗೆ ಜಾರಿತ್ತು. ಹರಿದು ಕೈಗೆ ಕೊಟ್ಟಾಗ ವೈಶಾಲಿ ನೋಡಿದಳು. ಒಂದು ಗಂಟು, ಅದರ ಒಳಗೆ ಇನ್ನೊಂದು, ಇನ್ನೂ ಒಳಗೆ ಮತ್ತೊಂದು. ಸೊರಗಿದಂತೆಲ್ಲ ಯಾರಿಗೂ ಹೇಳದೆ ಅಪ್ಪ ಬಿಗಿ ಮಾಡಿಕೊಳ್ಳುತ್ತಾ ಬಂದಿದ್ದ. ಒಂದೇ ಮನೆಯಲ್ಲಿದ್ದು ಅವಳಿಗದು ಕಂಡಿರಲಿಲ್ಲ.

ಮನೆಗೆ ಬಂದಾಗ ಎರಡು ಗಂಟೆ. ಸ್ನಾನ ಮಾಡಿ ಕೂತಿದ್ದ ಅವ್ವನ ಮುಂದೆ ವೈಶಾಲಿ ನಿಂತಳು.

“ಅವ್ವಾ, ಮೂರು ದಿನ ಬಾಬಾನ ಹತ್ಯಾರ ಮುಟ್ಟಬಾರ್ದಂತಾರ.”

“ಎಷ್ಟು ಹೊಡೀತಿ?”

“ಏಳು.”

“ಲಾಟ್ ತಿರುಗಿ ಬಂದ್ರ?”

“ಬಂದ್ರ ಬರ್ಲಿ. ಬ್ಯಾರೆ ಕೆಲಸ ಹುಡುಕೂಣು.”

ಲಕ್ಷ್ಮವ್ವ ಎದ್ದು ಏಣಿ ಇಳಿದಳು. ತೂತು ಹೊಡೆಯುವ ಪಂಚು, ಸುತ್ತಿಗೆ ತಾನೇ ಎತ್ತಿ ಮಗಳ ಕೈಗಿಟ್ಟಳು. ಕೆಲಸದ ಆರೂ ಜನ ಕರೆಯದೆಯೇ ಬಂದು ಕೂತರು. ಅಳು ಕೇಳಲು ಬಂದ ನೆರೆಯವರು ಸುತ್ತಿಗೆಯ ಸದ್ದು ಕೇಳುತ್ತಾ ಗಲ್ಲಿಯಲ್ಲಿ ನಿಂತರು.

ಆರಕ್ಕೆ ಹಿತೇಶ್ ಟೆಂಪೊ ಜೊತೆ ಬಂದ. ಒಂದು ಬೆಲ್ಟು ಎತ್ತಿಕೊಂಡು ಬೆರಳಿನಿಂದ ಎಣಿಸಿದ. ಮತ್ತೆ ಎಣಿಸಿದ.

“ವೈಶಾಲಿ, ಯೇ ಕ್ಯಾ ಕಿಯಾ ತೂನೆ?”

“ಒಮ್ಮೆ ಹಾಕ್ಕೊಂಡು ನೋಡ್ರಿ, ಹಿತೇಶಣ್ಣ,” ಎಂದಳು ವೈಶಾಲಿ. “ನಿಮ್ಮದೇ ಸೈಜು.”

ಸಿಟ್ಟಿನಿಂದಲೇ ಅವನು ಶರ್ಟಿನ ಮೇಲೆ ಬಿಗಿದುಕೊಂಡ. ಮೊದಲ ತೂತು ಹೊಲಿಸಿದ ಹಾಗೆ ಕೂತಿತು. ತುದಿ ಹಿಡಿದು ಜಗ್ಗಿದ, ಎರಡನೆಯದಕ್ಕೆ ಬಂತು. ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿ, ಎರಡೂ ಕೈ ಹಾಕಿ ಮತ್ತೆ ಜಗ್ಗಿದ. ಮೂರನೆಯದರ ಹತ್ತಿರ ಬಕಲಿನ ಮುಳ್ಳು ನಿಂತುಬಿಟ್ಟಿತು. ಏಳನೆಯ ತೂತು ಇನ್ನೂ ಒಂದು ಅಂಗೈ ಅಗಲ ಆಚೆ ಇತ್ತು.

ಗಲ್ಲಿಯ ಬಾಯಲ್ಲಿ ಟೆಂಪೊ ಹಾರ್ನ್ ಹಾಕಿತು. ಹಿತೇಶ್ ಉಸಿರು ಬಿಡದೆ, ಆ ಅಂಗೈ ಅಗಲವನ್ನೇ ನೋಡುತ್ತಾ ನಿಂತಿದ್ದ.

“ಭರೋ,” ಎಂದ, ಮಾಲು ಹೇರಲು ಬಾಗಿಲಲ್ಲಿ ಕಾದಿದ್ದ ಹಮಾಲನಿಗೆ, ಹಿಡಿದ ಉಸಿರಿನಲ್ಲೇ.