ಮಡ್ಡಿಯ ಮೇಲೆ ಮೂವರು

"ಯಾರ ಮನಿಗೆ ಹೊಂಟೀರಿ?"

ಬೆಳಗಿನಿಂದ ಇದು ಐದನೆಯ ಸಲ. ಯಾರ ಮನೆಗೂ ಅಲ್ಲ ಎಂದು ಅಮೀನುದ್ದೀನ ಮೊದಮೊದಲು ಹೇಳಿ ನೋಡಿದ್ದ. ಕೇಳಿದವರು ಗಾಬರಿಯಾಗುತ್ತಿದ್ದರು. ಗಂಡ ಹೆಂಡತಿ, ಇಬ್ಬರ ಬೆನ್ನಿಗೂ ಮಿಲಿಟರಿಯವರ ಹಳೆಯ ಚೀಲ, ಬಸ್ಸು ಇದ್ದೂ ಸಿಂದಗಿಯಿಂದ ಬಾಗೇವಾಡಿಯ ಕಡೆ ನಡಿಗೆ. ಅದೂ ಯಾರ ಮನೆಗೂ ಅಲ್ಲ ಅಂದರೆ ಏನೋ ಕೆಟ್ಟದ್ದೇ ಆಗಿರಬೇಕು.

ಈ ಸಲ ಕೇಳಿದವಳು ಜೋಳದ ಹೊಲದ ಬದುವಿನ ಮೇಲೆ ನಿಂತಿದ್ದ ಮುದುಕಿ. ಅವನು ಬಾಯಿ ತೆರೆಯುವ ಮೊದಲೇ ಸಾಬೀರಾ ಹೇಳಿಬಿಟ್ಟಳು: "ನಿಮ್ಮ ಮನಿಗೇ ಬರಾಕತ್ತೇವಿ ನೋಡ್ರಿ."

"ಬಂದ್ರ ಬಾರವ್ವಾ, ಬ್ಯಾಡ ಅಂದವ್ರ್ಯಾರು?" ಮುದುಕಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇವ್ರೇನು ಡ್ಯಾಮಿನ ಸಾಹೇಬ್ರೇನು? ಆಲಮಟ್ಟ್ಯಾಗ ಹೊಳಿ ಕಟ್ಟತಾರಂತ. ನನ್ನ ಹೊಲ ಮುಳಗಸಬ್ಯಾಡ ಅಂತ ಹೇಳವಾ."

"ಇಲ್ರಿ, ಇವ್ರು ಕಾಲೇಜಿನ್ಯಾಗ ಕಲ್ಲಿನ ಮಾಸ್ತರ. ಕಲ್ಲು ನೋಡಾಕ ಬಂದಾರ."

"ಕಲ್ಲು ನೋಡಾಕ! ಹಂಗಾದ್ರ ಚಕ್ಕಡಿ ಯಾಕ ತಂದಿಲ್ಲ? ಬೇಕಾದಷ್ಟು ಒಯ್ಯಾಕ ಹೇಳು. ನಮ್ಮಪ್ಪ ಆರಿಸಿದ, ನನ್ನ ಗಂಡ ಆರಿಸಿದ, ಇನ್ನೂ ಹುಟ್ಟಾಕತ್ತಾವು."

ಹೊನ್ನವ್ವ ಅವಳ ಹೆಸರು. ಹಾಲು ತುಂಬಿದ ಜೋಳದ ತೆನೆ ಸುಟ್ಟು, ಬಡಿದು, ಬಿಸಿ ಕಾಳು ಸೆರಗಿನಲ್ಲಿ ತಂದು ಸುರಿದಳು. ಮೇಲೆ ಉದುರಿಸಿಕೊಳ್ಳಲು ಖಾರದ ಶೇಂಗಾ ಹಿಂಡಿ. ಸಾಬೀರಾ ತಿನ್ನುತ್ತಲೇ ಅವಳ ಮೂವರು ಸೊಸೆಯಂದಿರ ತಪ್ಪುಗಳನ್ನೆಲ್ಲ ಕೇಳಿ ತಿಳಿದುಕೊಂಡಳು. ಅಮೀನುದ್ದೀನ ಬೇವಿನ ಬುಡದಲ್ಲಿ ಕೂತು ಅಂಗೈಯ ಮಸಿ ನೋಡಿಕೊಂಡ.

ಹೊರಡುವಾಗ ಹೊನ್ನವ್ವ ಕೇಳಿದಳು: "ಗಂಡಗ ಮಾತು ಬರೂದಿಲ್ಲೇನು?"

"ಬರ್ತಾವ. ಕಲ್ಲಿನ ಕೂಡ."

ಅವನೂ ನಕ್ಕ. ನಗದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಮದುವೆಯಾಗಿ ನಾಲ್ಕು ವರ್ಷ. ವಿಜಾಪುರದ ಮನೆಯಲ್ಲಿ ಹದಿಮೂರು ಜನ. ಅಲ್ಲಿ ಸಾಬೀರಾ ಎಲ್ಲರಿಗೂ ಬೇಕು, ಅವಳಿಗೂ ಎಲ್ಲರೂ ಬೇಕು. ಸುಖವಾಗಿದ್ದೇವೆ ಎಂದು ಅವನಿಗೆ ಗೊತ್ತಿತ್ತು. ಆದರೆ ಆ ಸುಖ ತಮ್ಮಿಬ್ಬರದೋ ಮನೆಯದೋ ಎಂಬ ಸಂಶಯ ಒಂದು ದಿನ ಪಾಠ ಹೇಳುತ್ತಿದ್ದಾಗ ಹೊಕ್ಕಿತು, ಹೊರಗೆ ಹೋಗಲಿಲ್ಲ. ರಜೆ ಬಂದ ಕೂಡಲೇ ಅವಳನ್ನು ಹೊರಡಿಸಿದ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ. ಲಾವಾ ಹೆಪ್ಪುಗಟ್ಟಿದ ಕಲ್ಲು ನೋಡುವುದು ನೆಪ. ಯಾರೂ ಇಲ್ಲದ ಕಡೆ ತಾವಿಬ್ಬರು ಏನು ಮಾತಾಡಿಕೊಳ್ಳುತ್ತೇವೆ ಎಂದು ಅವನಿಗೆ ಕೇಳಬೇಕಾಗಿತ್ತು.

ಯಾರೂ ಇಲ್ಲದ ಕಡೆ ಎರಡು ದಿನವಾದರೂ ಸಿಕ್ಕಿರಲಿಲ್ಲ. ಸಾಲೋಟಗಿಯ ಶಾಸನದ ಮುಂದೆ ಸಹ ಯಾರೋ ಚಹಾ ತಂದುಕೊಟ್ಟಿದ್ದರು.

ಮಧ್ಯಾಹ್ನ ದಾಟಿದ ಮೇಲೆ ಹೊಲಗಳು ಮುಗಿದು ಬರಡು ಮಡ್ಡಿ ಬಂತು. ಕರಿಯ ಕಲ್ಲು, ಒಣ ಹುಲ್ಲು, ನಡುವೆ ಚಕ್ಕಡಿಯ ದಾರಿ. ಕುರಿಯೂ ಇರಲಿಲ್ಲ. ಅಮೀನುದ್ದೀನನ ಎದೆ ಪರೀಕ್ಷೆಯ ಹುಡುಗನದರಂತೆ ಬಡಿದುಕೊಂಡಿತು.

ಒಂದು ಫರ್ಲಾಂಗು ನಡೆದರು.

"ಇಲ್ಲೆ ಬೆಂಕಿಗುಡ್ಡ ಇರಲಿಲ್ಲ," ಎಂದು ಅವನು ಶುರುಮಾಡಿದ. "ನೆಲಾನ ಬಿರಕು ಬಿಟ್ಟು, ಒಳಗಿಂದು ಉಕ್ಕಿ ಹರೀತು. ಒಂದರ ಮ್ಯಾಲ ಒಂದು ಪದರ."

ಅವಳು ಬಗ್ಗಿ ಒಂದು ಕಲ್ಲು ಮುಟ್ಟಿದಳು. ಮೈತುಂಬ ತೂತು. "ಇವೇನು?"

"ಒಳಗ ಗಾಳಿ ಇತ್ತು. ಹೊರಗ ಬರೂದ್ರಾಗ ಕಲ್ಲು ಬಿಗೀತು."

"ಪಾಪ," ಎಂದು ಸಾಬೀರಾ ಒಂದು ತೂತಿನಲ್ಲಿ ಬೆರಳ ತುದಿ ಇಟ್ಟಳು.

ಅವಳಿಗೆ ಮೌನ ತಡೆಯದು. ಹೊನ್ನವ್ವನಾದಳು: "ನಮ್ಮಪ್ಪ ಆರಿಸಿದ, ನನ್ನ ಗಂಡ ಆರಿಸಿದ..." ಅದೇ ಮೂಗಿನ ದನಿ, ಅದೇ ಸೊಂಟದ ಮೇಲಿನ ಕೈ. ಆಮೇಲೆ ಅವನ ಅವ್ವ ಬಿಬಿಜಾನಳಾದಳು: "ಅಮೀನಾ, ಕಲ್ಲು ಮನ್ಯಾಗ ತರಬ್ಯಾಡಂದ್ರ ಕೇಳಂಗಿಲ್ಲಲ್ಲ, ಒಂದಿನ ಬ್ಯಾಳ್ಯಾಗ ಹಾಕಿ ಕುದಸ್ತೇನಿ ನೋಡು!" ನಡುವೆ ಸೀನುವ ಬಾಬುಲಾಲ ಕಾಕಾ ಆದಳು. ಅವನು ನಕ್ಕು ನಕ್ಕು ಕಲ್ಲಿನ ಮೇಲೆ ಕೂತ. ಇದಕ್ಕೇ ಅಲ್ಲವೆ ತಾನು ಇವಳಿಗೆ ಸೋತದ್ದು?

"ಈಗ ನೀ ಮಾತಾಡು," ಅಂದ.

"ನಾನೇ ಮಾತಾಡಾಕತ್ತೇನಲ್ಲ?"

"ನಿನ್ನ ದನೀಲೆ."

ಸಾಬೀರಾ ಬಾಯಿ ತೆರೆದಳು. ತನ್ನ ಚೀಲದಲ್ಲಿ ಇಟ್ಟದ್ದೇನೋ ಸಿಗದವಳಂತೆ ಅತ್ತಿತ್ತ ನೋಡಿದಳು. "ಏನಂತ ಮಾತಾಡ್ಲಿ? ನೀವು ಮಾತಾಡ್ರಿ ಮೊದಲ."

"ಈ ಪದರ ಇಪ್ಪತ್ತು ಫೂಟು..." ಅಂದು ಅವನು ನಿಲ್ಲಿಸಿದ. ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಅವನ ಮುಖ ನೋಡಲಾರದೆಯೋ ಏನೋ, ಅವಳು ಇನ್ನೊಂದು ದನಿ ಎತ್ತಿದಳು. ಮೊದಲು ಸಣ್ಣ ಕೆಮ್ಮು, ಅಪ್ಪಣೆ ಕೇಳಿದ ಹಾಗೆ. ಆಮೇಲೆ ತಗ್ಗಿದ, ನಿಧಾನದ ಮಾತು: "ದೀಪಾ ಆರಸ್ಲೇನು? ಇನ್ನೂ ಓದೂದೈತೇನು ನಿಂದು?"

"ಯಾರಿದು?" ಅಂದ ಅವನು, ಖುಷಿಯಿಂದ. "ಪೋಸ್ಟಿನ ಖಾಜಾಸಾಬ?"

ಅವಳು ತಲೆ ಅಲ್ಲಾಡಿಸಿದಳು.

"ಉರ್ದು ಸಾಲಿ ಮಾಸ್ತರ? ತಡಿ, ಹೇಳಬ್ಯಾಡ. ಎಲ್ಲೋ ಕೇಳೇನಿ."

ಸಾಬೀರಾಳ ನಗು ಅರ್ಧಕ್ಕೇ ನಿಂತಿತು. "ನೀವು," ಅಂದಳು.

ಗಾಳಿ ಹುಲ್ಲಿನಲ್ಲಿ ಸುಳಿದು ಹೋಯಿತು.

"ನಾ ಹಂಗ ಮಾತಾಡ್ತೇನಿ?"

"ಮನ್ಯಾಗ ಎಲ್ಲಾರೂ ಗುರ್ತ ಹಿಡೀತಾರಲ್ಲ! ನೀವು ಕಾಲೇಜಿಗೆ ಹೋದ ಮ್ಯಾಲ ಅತ್ತಿ ದಿನಾ ಕೇಳತಾರ, ಅಮೀನನ ದನಿ ತಗಿಯವಾ ಅಂತ. ಭಾಳ ಸೇರತೈತಿ ಅವ್ರಿಗೆ."

"ಏನೇನಂತೇನಿ ನಾ?"

"ಏನರೆ. ಬಾಯಿಗೆ ಬಂದದ್ದು."

"ಈಗ ಅನ್ನು ನೋಡೋಣು."

ಅವಳು ಚೀಲ ಏರಿಸಿಕೊಂಡು ಮುಂದೆ ನಡೆದಳು. ಮುಖ ಕಾಣಲಿಲ್ಲ. ಮತ್ತೆ ಅವನ ದನಿ ತೆಗೆದಳು: ಸಣ್ಣ ಕೆಮ್ಮು. "ಸಾಬೀರಾ, ಕಾಲು ನೋಯಾಕತ್ತಾವೇನು?"

ಇಡೀ ದಿನ ಅವನು ಅದನ್ನು ಕೇಳಿರಲಿಲ್ಲ. ಈಗ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಉತ್ತರ ಕೊಡುತ್ತಿದ್ದಳು.

"ಸ್ವಲ್ಪ. ಎಡಗಾಲಿಗೆ ಚಪ್ಪಲಿ ಕಡದೈತಿ."

ಇದು ಯಾರ ದನಿಯೂ ಅಲ್ಲ. ತುಸು ಒಡೆದ, ತುಸು ನಾಚಿಕೆಯ, ಮನೆಯಲ್ಲಿ ಅವನು ಒಮ್ಮೆಯೂ ಕೇಳದ ದನಿ.

ಮತ್ತೆ ಸಣ್ಣ ಕೆಮ್ಮು, ಅವಳ ಬಾಯಲ್ಲಿ ಅವನ ದನಿ: "ಮುಂಜಾನೆ ಹೇಳಬಾರದೇನು, ಹುಚ್ಚಿ? ಚೀಲಾ ಇತ್ತ ತಾ."

"ಬ್ಯಾಡ್ರಿ. ನಿಮ್ಮ ಬೆನ್ನಾಗ ಮೊದಲ ಕಲ್ಲು ಅದಾವು."

"ಕಲ್ಲು ಒಗೀತೇನಿ ತಗೊ. ನಿನಗಿಂತ ಹೆಚ್ಚಿನುವೇನು?"

ಅವಳು ನಕ್ಕಳು. ಅಮೀನುದ್ದೀನ ಕೈ ಚಾಚಿದ. ಅವಳು ಹಿಂದೆ ನೋಡಲಿಲ್ಲ. ಮಾತು ನಿಲ್ಲಲೂ ಇಲ್ಲ. ಒಮ್ಮೆ ಅವನ ದನಿ, ಒಮ್ಮೆ ಅವಳದು, ಎರಡೂ ಅವಳ ಬಾಯಿಂದಲೇ, ಹುಟ್ಟದ ಮಗುವಿಗೆ ಏನೆಂದು ಹೆಸರಿಡುವುದು ಎಂಬಲ್ಲಿಗೆ ಬಂದಿತ್ತು.

ಚಕ್ಕಡಿಯ ದಾರಿ ಕಲ್ಲುಗಳ ನಡುವೆ ಸಣ್ಣದಾಯಿತು. ಆ ದನಿಗಳ ಗಂಡ ಹೆಂಡತಿ ಇಳಿಬಿಸಿಲಿನಲ್ಲಿ ಮಾತಾಡಿಕೊಳ್ಳುತ್ತ ಮುಂದೆ ಮುಂದೆ ಹೋಗುತ್ತಿದ್ದರು. ಅಮೀನುದ್ದೀನ ನಾಲ್ಕು ಮಾರು ಹಿಂದೆ, ಕಾಲಡಿಯ ಖಡಿ ಸಪ್ಪಳವಾಗದಂತೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡುತ್ತ ನಡೆದ. ಗಂಟಲಲ್ಲಿ ಕೆಮ್ಮು ಎದ್ದಿತು. ಅವರ ಮಾತು ನಿಂತೀತೆಂದು ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡ.