ಇಬ್ಬರು ವಿಲಿಯಂ ಮಿಲ್ಬರ್ನ್

"ವಿಲಿಯಂ ಮಿಲ್ಬರ್ನ್ ಹೆಂಡ್ತಿ ಯಾರಮ್ಮ?" ಎಂದು ಪೊಲೀಸಿನವನು ಸೈಕಲ್ಲಿನಿಂದ ಇಳಿಯುತ್ತಲೇ ಕೇಳಿದ. ಕಲ್ಲುಗೋಡೆಯ ಈಚೆಯಿಂದ ಎಸ್ತರ್, ಆಚೆಯ ಅಂಗಳದಿಂದ ರೂತ್, ಇಬ್ಬರೂ ಒಟ್ಟಿಗೆ "ನಾನೇ" ಎಂದರು.

ಅವನು ಟೋಪಿ ತೆಗೆದ. ಅದನ್ನು ನೋಡಿಯೇ ಇಬ್ಬರಿಗೂ ಅರ್ಥವಾಯಿತು.

ಬೆಟ್ಟದ ಮೇಲಿನ ಸೀಸದ ಗಣಿಯಲ್ಲಿ ಬೆಳಿಗ್ಗೆ ಬಂಡೆ ಕುಸಿದು ಒಬ್ಬ ಸತ್ತಿದ್ದ. ಹೊಸ ಮ್ಯಾನೇಜರು ಠಾಣೆಗೆ ಫೋನು ಮಾಡಿ ತಿಳಿಸಿದ್ದು ಆ ಹೆಸರೊಂದನ್ನೇ. ಹೆಣ ಸಂಜೆಗೆ ಗಾಡಿಯಲ್ಲಿ ಬರುತ್ತದಂತೆ.

"ಯಾವ ವಿಲಿಯಂ ಅಪ್ಪಾ? ನನ್ನ ಮಗ ಹಳ್ಳದ ವಿಲ್ಲೋ, ಈ ರೂತ್ ಗಂಡ ಉದ್ದ ವಿಲ್ಲೋ?" ಎಸ್ತರಳ ಅತ್ತೆ ಹನ್ನಾ ಬಾಗಿಲಿನಿಂದಲೇ ಕೇಳಿದಳು.

"ನಂಗೇನು ಗೊತ್ತು ಅಜ್ಜಿ? ಊರಿನ ಹೆಸರೂ ಮಿಲ್ಬರ್ನ್, ಜನರ ಹೆಸರೂ ಮಿಲ್ಬರ್ನ್. ನಿಮ್ಮಲ್ಲಿ ಹೆಸರಿಗೇನು ಬರಗಾಲವೇ?"

"ಹೆಸರಿಗಲ್ಲ. ನಮ್ಮ ಗಂಡಸರ ಮುಖ ನೋಡೋಕೆ ನಿಮ್ಮ ಮ್ಯಾನೇಜರಿಗೆ ಪುರುಸೊತ್ತಿಲ್ಲ."

ಮಿಲ್ಬರ್ನ್ ಎಂಬ ಊರುಗಳು ಬೇರೆ ಸೀಮೆಯಲ್ಲೂ, ಕಡಲಾಚೆ ಅಮೆರಿಕದಲ್ಲೂ ಇವೆಯಂತೆ. ನಮ್ಮಲ್ಲಿ ಮಾತ್ರ ಯಾರೂ ಯಾರನ್ನೂ ಆ ಹೆಸರಿನಿಂದ ಕರೆದದ್ದಿಲ್ಲ. ಮದುವೆಯ ದಿನ ಪಾದ್ರಿಯ ಬಾಯಲ್ಲಿ ಬರುತ್ತದೆ, ಆಮೇಲೆ ಸಮಾಧಿಯ ಕಲ್ಲಿನ ಮೇಲೆ. ಗಣಿಯ ಗಂಡಸರು ವಾರವೆಲ್ಲ ಮೇಲೆಯೇ ಉಳಿದು ಶನಿವಾರ ಇಳಿಯುವವರಾದ್ದರಿಂದ ಹೆಂಗಸರಿಗೆ ಕಾಯುವುದು ಹೊಸದಲ್ಲ. ಇಂಥ ಕಾಯುವಿಕೆ ಹೊಸದು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಹನ್ನಾ ಮನೆಯ ಬೀಗದ ಕೈ ಹಿಡಿದು ಅಂಗಳದಲ್ಲಿ ಸಾಕಿದ್ದ ಜೇನುಗೂಡುಗಳ ಕಡೆ ಹೊರಟಳು. ಮನೆಯಲ್ಲಿ ಸಾವಾದರೆ ಹೊತ್ತು ಮುಳುಗುವುದರೊಳಗೆ ಗೂಡು ತಟ್ಟಿ ಜೇನಿಗೆ ತಿಳಿಸಬೇಕು. ತಿಳಿಸದಿದ್ದರೆ ಅದೇ ಮನೆಯಲ್ಲಿ ಇನ್ನೊಂದು ಸಾವು ಎಂಬುದು ನಮ್ಮೂರಿನ ನಂಬಿಕೆ. ಎಸ್ತರ್ ಓಡಿಬಂದು ಅಡ್ಡ ನಿಂತಳು.

"ಬೇಡ ಅಮ್ಮ. ಹೇಳಿದ್ರೆ ಅವನು ಸತ್ತ ಹಾಗೇ."

"ಸರಿಯೇ ಹುಡುಗಿ. ತೊಟ್ಟಿಲಲ್ಲಿ ನಿನ್ನ ಕೂಸು ಮಲಗಿರೋದು ಮರೆತ್ಯಾ?"

"ನಿಮ್ಮ ಮಗ ಬದುಕಿದಾನೆ ಅನ್ನೋಕೆ ನಿಮಗೆ ಬಾಯಿ ಬರಲ್ವಾ?"

ಹನ್ನಾ ದನಿ ತಗ್ಗಿಸಿದಳು. "ಹಂಗಂದ್ರೆ ರೂತ್ ಗಂಡ ಸತ್ತ ಅಂದ ಹಾಗಲ್ವೇನೇ? ಅವಳ ಎದುರಿಗೆ ಹೆಂಗನ್ನಲಿ?"

ರೂತ್ ಗೋಡೆಯ ಆಚೆಯೇ ನಿಂತಿದ್ದಳು. ಕೈಗೆ ಮೆತ್ತಿದ ಹಿಟ್ಟು ಒಣಗಿ ಬಿರಿದಿತ್ತು. "ಅನ್ನಿ ದೊಡ್ಡಮ್ಮ," ಎಂದಳು. "ಆಗಲಿಂದ ನಾನೂ ಮನಸ್ಸಲ್ಲಿ ಅದನ್ನೇ ಅಂತಿದೀನಿ. ಸತ್ತೋನು ನಿಮ್ಮ ಮಗನೇ ಆಗಿರ್ಲಿ ದೇವರೇ ಅಂತ."

ಎಸ್ತರ್ ಅವಳ ಕಡೆ ತಿರುಗಿದ ಆ ಗಳಿಗೆಯಲ್ಲೇ ಹನ್ನಾ ಸೊಸೆಯ ಪಕ್ಕದಿಂದ ನುಸುಳಿ ಮೊದಲ ಗೂಡನ್ನು ಬೀಗದ ಕೈಯಿಂದ ತಟ್ಟಿಬಿಟ್ಟಳು. "ನಿಮ್ಮ ಯಜಮಾನ ಹೋದ ಕಣ್ರೋ..." ಎಸ್ತರ್ ಅವಳ ಮಣಿಕಟ್ಟು ಹಿಡಿದಳು. ಅಷ್ಟರಲ್ಲೇ ಕಲ್ಲುಹಾದಿಯ ಮೇಲೆ ಗಾಲಿಯ ಸದ್ದು ಕೇಳಿಸಿತು.

ಗಾಡಿ ತಿರುವು ದಾಟಿ ಬಂತು. ಕುದುರೆಯ ಲಗಾಮು ಹಿಡಿದು ಗಿಡ್ಡನೆಯ ಆಳೊಬ್ಬ ಮುಂದೆ ನಡೆಯುತ್ತಿದ್ದ. ಬಲಗಾಲು ತುಸು ಎಳೆಯುವ ಆ ನಡಿಗೆ ಹಳ್ಳದ ವಿಲ್ಲನದೇ. ಅವನು ತನ್ನ ಮನೆಯ ಕಡೆ ತಲೆಯೆತ್ತಿ ನೋಡಲಿಲ್ಲ; ಕುದುರೆಯನ್ನು ರೂತಳ ಬಾಗಿಲಿನ ಕಡೆಗೇ ತಿರುಗಿಸಿದ.

ಹನ್ನಾ ಗೂಡಿನ ಮೇಲೆ ಅಂಗೈ ಇಟ್ಟು, "ಇಲ್ಲ, ಇಲ್ಲ, ತಪ್ಪಾಯ್ತು, ಸುಳ್ಳಂದೆ" ಎಂದು ಪಿಸುಗುಟ್ಟತೊಡಗಿದಳು. ಎಸ್ತರಳ ಕಾಲು ಓಡಲು ಹೊರಟು, ರೂತಳ ಮುಖ ಕಂಡು ನಿಂತುಬಿಟ್ಟಿತು.

"ಹೋಗೇ," ಎಂದಳು ರೂತ್. "ನಿನ್ ಗಂಡ ಬಂದ."

ಆಮೇಲೆ ಅತ್ತಿತ್ತ ನೋಡಿ, "ಗಾಡಿ ಒಳಗೆ ಬರಬೇಕಲ್ಲ, ಬಟ್ಟೆ ಅಡ್ಡ ಇದೆ," ಎಂದು ಅಂಗಳದ ಹಗ್ಗದಿಂದ ಒಗೆದ ಬಟ್ಟೆಗಳನ್ನು ತೆಗೆಯತೊಡಗಿದಳು. ಎಸ್ತರ್ ಗೋಡೆ ಹತ್ತಿ ಇಳಿದು ಹಗ್ಗದ ಇನ್ನೊಂದು ತುದಿಗೆ ಹೋದಳು. ನಡುವೆ ಉದ್ದ ವಿಲ್ಲನ ಉದ್ದ ತೋಳಿನ ಅಂಗಿಯೊಂದು ಉಳಿಯಿತು, ಇನ್ನೂ ಹಸಿ. ಇಬ್ಬರೂ ಅದನ್ನು ಎರಡು ಕಡೆ ಹಿಡಿದು, ಕೊಡವಿ, ಮಡಿಸಿದರು.