ಅತ್ತೆಯ ಮಾತು

ಪೆನ್‌ಡ್ರೈವ್ ಸಿಕ್ಕಿಸಿದ್ದೇ ತಡ, ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಕರೆಂಟು ಹೋಯಿತೇನೋ ಎಂದು ಮುನಿಲಕ್ಷ್ಮಿ ತಲೆಯೆತ್ತಿದಳು. ಫ್ಯಾನು ತಿರುಗುತ್ತಲೇ ಇತ್ತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡಿದವು: ಈ ಯಂತ್ರವನ್ನು ಲಾಕ್ ಮಾಡಲಾಗಿದೆ, ಕಂಪನಿಯ ಐ.ಟಿ. ವಿಭಾಗವನ್ನು ಸಂಪರ್ಕಿಸಿ.

ಗೌರಿಬಿದನೂರಿನ ಮನೆಯ ನಡುಮನೆಯಲ್ಲೇ ಕೂತು ಅವಳು ಬೆಂಗಳೂರಿನ ಕಂಪನಿಯೊಂದಕ್ಕೆ ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸಿ ಕೊಡುತ್ತಿದ್ದಳು. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಸ್ವಂತದ ಫೈಲುಗಳೇನಿದ್ದರೂ ಕೂಡಲೇ ತೆಗೆಯಬೇಕೆಂದು ಬೆಳಿಗ್ಗೆಯಷ್ಟೇ ಮೇಲ್ ಬಂದಿತ್ತು. ಅವಳ ಸ್ವಂತದ್ದು ಅಂತ ಅದರಲ್ಲಿದ್ದದ್ದು ಅತ್ತೆ ಅಕ್ಕಯ್ಯಮ್ಮನ ಮಾತು ಮಾತ್ರ.

ಹಿಂದೊಮ್ಮೆ ಅವರೆಕಾಯಿ ಕಾಲದಲ್ಲಿ ಅತ್ತೆ ಹಿತಕಿದ ಬೇಳೆ ಸಾರು ಮಾಡುವುದನ್ನು ಮುನಿಲಕ್ಷ್ಮಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದಳು. ಅದರಲ್ಲಿ ಅಡುಗೆಗಿಂತ ಮಾತೇ ಹೆಚ್ಚು. ಗಂಡನಿಗೆ ಬೈಗುಳ, ಪಕ್ಕದ ಮನೆಯ ಸುದ್ದಿ, ನಡುವೆ ತೆಲುಗು ಹಾಡಿನ ಒಂದು ತುಣುಕು. ಫೋನು ತುಂಬಿದಾಗ ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಫೋನಿನಿಂದ ಅಳಿಸಿಬಿಟ್ಟಿದ್ದಳು. ಆಮೇಲೆ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. "ಅವರದ್ದೇ ಹಳೇ ದನಿ ಇದ್ರೆ ದಿನಾ ಕೇಳಿಸಿ" ಅಂದಿದ್ದರು ಮಾತು ಕಲಿಸುವ ಮೇಡಂ. ಅಂದಿನಿಂದ ಕೆಲಸ ಮುಗಿದ ಮೇಲೆ ಆ ಲ್ಯಾಪ್‌ಟಾಪೇ ಅಕ್ಕಯ್ಯಮ್ಮನ ಶಾಲೆಯಾಗಿತ್ತು. ಮೊನ್ನೆ "ಬೇಳೆ" ಎನ್ನುವ ಕಡೆ ಅವರೂ "ಬೇ" ಅಂದಿದ್ದರು. ಮಾವ ಜಯರಾಮಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಮುನಿಲಕ್ಷ್ಮಿ ಐ.ಟಿ. ವಿಭಾಗಕ್ಕೆ ಫೋನ್ ಮಾಡಿದಳು. ಎತ್ತಿಕೊಂಡವನು ಮುರಳಿಮೋಹನ್ ಎಂಬಾತ.

"ನೀವೇ ತೆಗೀರಿ ಅಂತ ಮೇಲ್ ಹಾಕಿದ್ರಲ್ಲ ಸರ್. ಅದನ್ನೇ ತೆಗೀತಿದ್ದೆ."

"ಡಿಲೀಟ್ ಮಾಡಿ ಅಂದಿದ್ವಿ ಮೇಡಂ, ಪೆನ್‌ಡ್ರೈವ್‌ಗೆ ಹಾಕ್ಕೊಳಿ ಅನ್ನಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಪೇಶೆಂಟ್‌ಗಳ ಡೇಟಾ ಇರೋ ಸಿಸ್ಟಮ್ಮು. ಪೆನ್‌ಡ್ರೈವ್ ಹಾಕಿದ್ರೆ ಕದೀತಿದಾರೆ ಅಂತಾನೇ ತಗೊಳತ್ತೆ. ಒಳಗಿದ್ದದ್ದೆಲ್ಲ ಆಗಲೇ ಅಳಿಸಿಹೋಗಿದೆ."

"ನಿಮ್ಮ ಹತ್ರ ಕಾಪಿ ಇರತ್ತಲ್ವಾ ಸರ್?"

"ಆಫೀಸ್ ಫೈಲುಗಳದ್ದು ಇರತ್ತೆ. ಪರ್ಸನಲ್ ಫೈಲು ನಾವು ಇಟ್ಕೊಳಲ್ಲ. ಏನಿತ್ತು ಮೇಡಂ ಅದ್ರಲ್ಲಿ?"

"ನಮ್ಮತ್ತೆ ಮಾತಾಡಿದ್ದು."

ಮುರಳಿಮೋಹನನ ದನಿ ತಗ್ಗಿತು. ಲ್ಯಾಪ್‌ಟಾಪ್ ಒಯ್ಯಲು ಕೊರಿಯರ್‌ನವರು ಬರುತ್ತಾರೆ, ವಿಚಾರಣೆ ಮುಗಿಯುವ ತನಕ ಕೆಲಸ ಮಾಡುವಂತಿಲ್ಲ ಎಂದ. "ನನ್ ಕೈಲೇನೂ ಇಲ್ಲ ಮೇಡಂ" ಎಂದು ಫೋನಿಟ್ಟ.

ಸಂಜೆ ಅಕ್ಕಯ್ಯಮ್ಮ ಎಂದಿನಂತೆ ಬಂದು ಮೇಜಿನ ಮುಂದೆ ಕೂತರು. ಎಡಗೈಯಿಂದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡರು.

"ಹಾಕಮ್ಮ, ಕಾಯ್ತಾವ್ಳೆ," ಅಂದರು ಜಯರಾಮಪ್ಪ.

"ಎಲ್ಲಾ ಅಳಿಸಿಹೋಯ್ತು ಮಾವ."

"ರಿಪೇರಿಯೋನಿಗೆ ಕೊಟ್ರೆ ತೆಗೆದುಕೊಡಲ್ವಾ?"

"ನಮ್ಮದಲ್ವಲ್ಲ ಮಾವ ಅದು. ಇನ್ನು ಮುಟ್ಟೋ ಹಂಗೂ ಇಲ್ಲ."

ಜಯರಾಮಪ್ಪ ಸೊಸೆಯ ಮುಖ ನೋಡಿದರು. ಅವಳ ಕಣ್ಣು ತುಂಬಿತ್ತು. ಕುರ್ಚಿ ಎಳೆದುಕೊಂಡು ಹೆಂಡತಿಯ ಎದುರು ಕೂತರು.

"ನಾನೇ ಹೇಳ್ತೀನಿ ಬಿಡಮ್ಮ, ದಿನಾ ಕೇಳಿಲ್ವಾ? ಮೊದ್ಲು ಕಾಳು ನೆನೆಹಾಕ್ಬೇಕು. ಹಿತಕಿ ಸಿಪ್ಪೆ ತೆಗೀಬೇಕು. ಆಮೇಲೆ ಧನಿಯಾ, ಚೆಕ್ಕೆ ಹುರ್ಕೊಂಡು..."

ಅಕ್ಕಯ್ಯಮ್ಮ ಅಲ್ಲವೆಂದು ತಲೆಯಾಡಿಸಿದರು.

"ಅಲ್ವಾ? ಈರುಳ್ಳಿ ಮೊದ್ಲಾ?"

ಮತ್ತೆ ತಲೆಯಾಡಿಸಿದರು.

"ಮತ್ತೇನೇ? ಕಾಯಾ?"

ಅಕ್ಕಯ್ಯಮ್ಮ ಎಡಗೈ ಎತ್ತಿ ಗಂಡನನ್ನು ಸುಮ್ಮನಾಗಿಸಿದರು. ಬಾಯಿ ತೆರೆದರು. ಕತ್ತಿನ ನರ ಬಿಗಿಯಿತು. ಮಾವ, ಸೊಸೆ ಇಬ್ಬರೂ ಮುಂದಕ್ಕೆ ಬಾಗಿ ಆ ಬಾಯಿಯನ್ನೇ ನೋಡುತ್ತ ಕೂತರು.